ಕಡೇ ಬಸ್ಸಿನ ಹೊಸ ಪ್ರಯಾಣಿಕರು

ಹೊರನಾಡಿಗೆ ಹೋಗುವ ಕಡೇ ಬಸ್ಸು ಹೆಬ್ಬಾಳೆ ಸೇತುವೆಯ ಈಚೆ ದಡದಲ್ಲಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಭದ್ರಾ ಹೊಳೆ ಸೇತುವೆಯ ಮೇಲೆ ಹರಿಯುತ್ತಿದೆ. ಡ್ರೈವರ್ ಲಕ್ಕಯ್ಯ ಸ್ಟೀರಿಂಗಿನ ಮೇಲೆ ಮೊಣಕೈ ಊರಿಕೊಂಡು ನೀರು ನೋಡುತ್ತಿದ್ದಾನೆ. ಕಂಡಕ್ಟರ್ ತಮ್ಮಯ್ಯ ಬಾಗಿಲಲ್ಲಿ ನಿಂತು, "ಇನ್ನೊಂದು ಗಳಿಗೆ, ಇಳೀತದೆ" ಎಂದು ಒಳಗಿನವರಿಗೆ ಸಮಾಧಾನ ಹೇಳುತ್ತಿದ್ದಾನೆ. ಆ ಗಳಿಗೆ ಇನ್ನೂ ಮುಗಿದಿಲ್ಲ.

ಗಾಬರಿಯಾಗಬೇಡಿ, ಇದು ಕಥೆಯೊಳಗಿನ ಬಸ್ಸು. ಚಿಕ್ಕಮಗಳೂರಿನಿಂದ ಹೊರಡುತ್ತಿದ್ದ ಒಂದು ಸಣ್ಣ ವಾರಪತ್ರಿಕೆಯಲ್ಲಿ 'ಕಡೇ ಬಸ್ಸು' ಎಂಬ ಧಾರಾವಾಹಿ ವರ್ಷಗಟ್ಟಲೆ ಬಂತು. ಬರೆದವರು ಶಾಂತವೀರಪ್ಪ, ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು. ತೋಟದ ರೈಟರೆಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತರು. ಕಥೆ ಬರಿ ಎಂದು ಅವರಿಗೆ ಯಾವ ಸಾಹುಕಾರರೂ ಸಂಬಳ ಕೊಡುವುದಿಲ್ಲ. ಆದರೂ ಬರೆದರು. ದಿನಾ ಸಂಜೆ ಚಿಕ್ಕಮಗಳೂರು ಬಿಟ್ಟು ಆಲ್ದೂರು, ಬಾಳೆಹೊನ್ನೂರು, ಕಳಸ ದಾಟಿ ಹೊರನಾಡು ಸೇರುವ ಒಂದು ಬಸ್ಸು, ಅದರಲ್ಲಿ ಹತ್ತಿ ಇಳಿಯುವ ಜನ, ಅವರ ಜಗಳ, ಮದುವೆ ಮಾತುಕತೆ, ಮುನಿಸು. ಒಂದು ವಾರ ಹೊಳೆ ಉಕ್ಕಿ ಸೇತುವೆ ಮುಳುಗಿತು, ಬಸ್ಸು ನಿಂತಿತು, 'ಮುಂದುವರಿಯುವುದು' ಎಂದು ಅಚ್ಚಾಯಿತು. ಮುಂದಿನ ವಾರ ಪತ್ರಿಕೆಯೇ ಬರಲಿಲ್ಲ. ಮಾಲೀಕರು ಬಾಗಿಲು ಹಾಕಿದ್ದರು. ಅಷ್ಟು ಜನರನ್ನು ಬಸ್ಸಿನಲ್ಲಿ ಕೂರಿಸಿಟ್ಟು ಹಾಗೆ ಬಾಗಿಲು ಹಾಕಬಹುದೇ? ಹಾಕಿದರು, ಏನು ಮಾಡುವುದು.

ಶಬನಂ ಆಗ ಸ್ಕೂಲಿಗೆ ಹೋಗುವ ಹುಡುಗಿ. ಅವಳ ಅಪ್ಪ ಉಮರ್ ಫಾರೂಕ್ ಆಲ್ದೂರಿನಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಅಮ್ಮಿ ಸುಗ್ರಾ ಬೀ ಮನೆಯಲ್ಲೇ ಕೈ ಮೆಷಿನ್ನು ಇಟ್ಟುಕೊಂಡು ಸುತ್ತಲ ತೋಟದ ಹೆಣ್ಣಾಳುಗಳ ರವಿಕೆ ಹೊಲಿಯುತ್ತಿದ್ದವಳು. ಅವಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಗುರುವಾರ ಪತ್ರಿಕೆ ಬಂದರೆ ಅಬ್ಬ ಗ್ರೀಸಿನ ಕೈ ತೊಳೆದು ಬಂದು ಜಗಲಿಯಲ್ಲಿ ಕೂತು ದೊಡ್ಡದಾಗಿ ಓದಬೇಕು. ಅಮ್ಮಿ ಮೆಷಿನ್ನಿನ ಚಕ್ರ ನಿಧಾನ ಮಾಡಿ ಕೇಳಬೇಕು. ಕಥೆ ಬಿಗಿಯಾದ ಕಡೆ ಚಕ್ರ ಪೂರಾ ನಿಲ್ಲುತ್ತಿತ್ತು. ಓದು ಮುಗಿದ ಮೇಲೆ ಅವಳದು ಪ್ರತಿ ವಾರ ಒಂದೇ ಪ್ರಶ್ನೆ: "ತಮ್ಮಯ್ಯ ಊಟ ಮಾಡಿದ್ನಾ?" ಊಟದ ಸುದ್ದಿ ರೈಟರು ಬರೆದಿಲ್ಲ ಎಂದು ಅಬ್ಬ ಹೇಳಿದರೆ ಅವಳಿಗೆ ಸಮಾಧಾನವಿಲ್ಲ. "ಎಂಥ ಬರೆಯೋದು ಮತ್ತೆ, ಹುಡುಗ ಬೆಳಗಿಂದ ನಿಂತೇ ಇದ್ದಾನೆ" ಎಂದು ಗೊಣಗುತ್ತಿದ್ದಳು.

ಒಂದು ಸಲ ಬೇರೆ ಪ್ರಶ್ನೆ ಕೇಳಿದಳು. "ಅಲ್ರೀ, ಇಷ್ಟು ವರ್ಷದಿಂದ ಇಷ್ಟು ಜನ ಹತ್ತಿದ್ರು. ನಮ್ಮೋರು ಒಬ್ರೂ ಹತ್ತಿಲ್ವಲ್ಲ. ನಮ್ಗೆ ಆ ಕಡೆ ನೆಂಟ್ರೇ ಇಲ್ವಾ?"

ಅಬ್ಬ ಪತ್ರಿಕೆ ಮಡಚಿ, ನಕ್ಕು, "ಹತ್ತಿರ್ತಾರೆ ಮಾರಾಯ್ತಿ. ಹಿಂದಿನ ಸೀಟಲ್ಲಿ ಕೂತಿರ್ತಾರೆ. ರೈಟರ್ರು ಇನ್ನೂ ಅಲ್ಲಿವರೆಗೆ ಬಂದಿಲ್ಲ, ಅಷ್ಟೆ" ಎಂದಿದ್ದರು. ಅಮ್ಮಿ ಅದನ್ನು ನಂಬಿದಳು. ರೈಟರು ಹಿಂದಿನ ಸೀಟಿನ ತನಕ ಬರುವ ಮೊದಲೇ ಪತ್ರಿಕೆ ನಿಂತುಹೋಯಿತು.

ಈಗ ಆಲ್ದೂರಿನ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಶಬನಂದೇ ಹೊಲಿಗೆ ಅಂಗಡಿ ಇದೆ. ಅಮ್ಮಿ ತೀರಿಕೊಂಡ ವರ್ಷ, ಕೆಲಸದಲ್ಲಿ ಮನಸ್ಸು ನಿಲ್ಲದೆ ಮೊಬೈಲ್ ತಿರುವುತ್ತಿದ್ದಾಗ, ಅದೇ ಊರಿನ ಕಾಫಿ ವ್ಯಾಪಾರಿ ಕಲ್ಲೇಶ ಅವಳನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ಹೆಸರು 'ಕಡೇ ಬಸ್ಸು'. ಕಲ್ಲೇಶನ ಮನೆ ಅಟ್ಟದ ಮೇಲೆ ಹಳೆ ಪತ್ರಿಕೆಯ ಕಟ್ಟು ಸಿಕ್ಕಿತ್ತು. ಅವನು ಒಂದೊಂದೇ ಕಂತಿನ ಫೋಟೋ ತೆಗೆದು ಹಾಕುತ್ತಿದ್ದ. ಎಲ್ಲೆಲ್ಲಿಂದಲೋ ಜನ ಬಂದು ಸೇರಿದರು. ಓದಿ ಮುಗಿಯಿತು. ಬಸ್ಸು ಹೊಳೆಯ ದಡಕ್ಕೆ ಬಂದು ನಿಂತಿತು. ಗ್ರೂಪಿನಲ್ಲಿ ಸ್ವಲ್ಪ ದಿನ ಯಾರೂ ಮಾತಾಡಲಿಲ್ಲ.

ಮೊದಲು ಬಾಯಿಬಿಟ್ಟವರು ಮೂಡಿಗೆರೆಯ ನಂಜಮ್ಮ ಟೀಚರು, ರಿಟೈರಾದವರು. "ಬಸ್ಸು ಹೇಗೂ ನಿಂತಿದೆ. ನಿಂತ ಬಸ್ಸಿಗೆ ಜನ ಹತ್ತಬಾರದು ಅಂತ ಎಲ್ಲಿದೆ?" ಎಂದು ಬರೆದು, ತಮ್ಮದೇ ಒಬ್ಬ ಪ್ರಯಾಣಿಕನನ್ನು ಹತ್ತಿಸಿಬಿಟ್ಟರು: ಬಸ್ಸಿನಲ್ಲಿ ಕೂತರೆ ವಾಂತಿ ಬರುವ ಒಬ್ಬ ಸ್ಕೂಲ್ ಇನ್ಸ್‌ಪೆಕ್ಟರು. ಬಸ್ಸು ಅಲುಗುವುದೇ ಇಲ್ಲ, ಆದರೂ ಆ ಮನುಷ್ಯ ನಿಂಬೆಹಣ್ಣು ಮೂಗಿಗೆ ಹಿಡಿದೇ ಕೂತಿರುತ್ತಾನೆ. ಕಲ್ಲೇಶ ಸುಮ್ಮನಿರುತ್ತಾನೆಯೇ? "ನಾಳೆ ಹೊಳೆ ಇಳಿಯುತ್ತೆ" ಎಂದು ದಿನಾ ಭವಿಷ್ಯ ಹೇಳಿ ದಿನಾ ಸುಳ್ಳಾಗುವ ಒಬ್ಬ ಜೋಯಿಸನನ್ನು ಹತ್ತಿಸಿದ. ಆಮೇಲೆ ಹತ್ತಿದವರಿಗೆ ಲೆಕ್ಕವಿಲ್ಲ. ಟೀಚರ ಮೊಮ್ಮಗಳು ಸುಪ್ರಿಯಾ ಕಾಲೇಜು ಹುಡುಗಿ. ಅವಳು, "ಅಜ್ಜಿ, ನೀವು ಮಾಡ್ತಿರೋದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ, ಪ್ರಪಂಚದಲ್ಲೆಲ್ಲ ಮಾಡ್ತಾರೆ" ಎಂದಳಂತೆ. "ಪ್ರಪಂಚದ ಕಥೆ ನಂಗ್ಯಾಕೆ, ನಮ್ಮ ಬಸ್ಸು ನಮ್ಗೆ" ಎಂದರಂತೆ ಟೀಚರು.

ಮನಸ್ಸಿಗೆ ಬಂದ ಹಾಗೆ ಬರೆಯುವಂತಿರಲಿಲ್ಲ. ರೈಟರ ಜನರನ್ನು ಯಾರೂ ಸಾಯಿಸಬಾರದು, ಅವರಿಗೆ ಮದುವೆ ಮಾಡಿಸಬಾರದು, ಕೆಟ್ಟ ಹೆಸರು ತರಬಾರದು. ಹೊಸದಾಗಿ ಹತ್ತುವವನು ಬಸ್ಸು ಹೊಳೆಗೆ ಬರುವ ಮೊದಲೇ ಇಂಥ ಸ್ಟಾಪಿನಲ್ಲಿ, ಇಂಥ ಕೆಲಸಕ್ಕೆ ಹತ್ತಿದ ಎಂದು ಇರಬೇಕು. ಬಸ್ಸನ್ನು ಸೇತುವೆ ದಾಟಿಸುವಂತಿಲ್ಲ. ಅದು ರೈಟರಿಗೆ ಸೇರಿದ್ದು. ಬರವಣಿಗೆ ನಡೆಯುತ್ತಿದ್ದುದು ಮಲೆನಾಡಿನವರಿಗೆ ಗೊತ್ತಿರುವ ಮುಯ್ಯಾಳಿನ ಲೆಕ್ಕದಲ್ಲಿ. ನಾಟಿಗೆ ಇವರ ಗದ್ದೆಗೆ ಅವರು ಬಂದರೆ ಅವರ ಗದ್ದೆಗೆ ಇವರು ಹೋಗಬೇಕಲ್ಲ, ಹಾಗೆ. ನನ್ನ ಪ್ರಯಾಣಿಕನ ಮೇಲೆ ನೀವೊಂದು ಅಧ್ಯಾಯ ಬರೆದರೆ ನಿಮ್ಮವನ ಮೇಲೆ ನಾನೊಂದು ಬರೆಯಬೇಕು.

ಶಬನಂ ಬಹಳ ದಿನ ಬರೀ ಓದಿಕೊಂಡಿದ್ದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಬರೆದೇಬಿಟ್ಟಳು. ಆಲ್ದೂರಿನಲ್ಲಿ ಜೈತೂನ್ ಬೀ ಎಂಬ ಹೆಂಗಸು ಹತ್ತುತ್ತಾಳೆ. ಮಡಿಲಲ್ಲಿ ಹೊಲಿಗೆ ಮೆಷಿನ್ನು. ಆಚೆ ದಡದಲ್ಲಿ ತಂಗಿಯ ಮಗಳ ಮದುವೆ. ಬಟ್ಟೆ ಎಲ್ಲ ಇವಳೇ ಹೊಲಿಯಬೇಕು. ತಮ್ಮಯ್ಯ ಬಂದು ಮೆಷಿನ್ನಿಗೆ ಲಗೇಜು ಟಿಕೆಟ್ ತೆಗೆಯಬೇಕು ಎನ್ನುತ್ತಾನೆ. ಜೈತೂನ್ ಬೀ, "ಮಡಿಲಲ್ಲಿ ಕೂತಿದ್ದಕ್ಕೆ ಎಂಥ ಲಗೇಜು? ಮಗು ಇದ್ರೆ ತಗೋತಿದ್ರಾ? ಅದಿರ್ಲಿ, ನೀವು ಊಟ ಮಾಡಿದ್ರಾ?" ಎನ್ನುತ್ತಾಳೆ. ತಮ್ಮಯ್ಯ ಟಿಕೆಟ್ ಪುಸ್ತಕವನ್ನು ಮಡಚಿ ಚೀಲಕ್ಕೆ ಹಾಕುತ್ತಾನೆ. ಆ ಬಸ್ಸಿನಲ್ಲಿ ಅಷ್ಟು ವರ್ಷ ಟಿಕೆಟ್ ಹರಿದಿದ್ದಾನೆ, ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಗ್ರೂಪಿಗೆ ಗ್ರೂಪೇ ಜೈತೂನ್ ಬೀಗೆ ಮರುಳಾಯಿತು. ನಂಜಮ್ಮ ಟೀಚರು ಬರೆದ ಅಧ್ಯಾಯದಲ್ಲಿ ಅವಳು ಇನ್ಸ್‌ಪೆಕ್ಟರ ಹರಿದ ಪ್ಯಾಂಟಿಗೆ ತೇಪೆ ಹಾಕಿ, ಬಿಟ್ಟಿ ಉಪದೇಶವನ್ನೂ ಕೊಟ್ಟಳು. ಕಲ್ಲೇಶನ ಅಧ್ಯಾಯದಲ್ಲಿ ಜೋಯಿಸನಿಗೆ ಅವಳೇ ಕೈ ನೋಡಿ ಭವಿಷ್ಯ ಹೇಳಿದಳು, ಅದೊಂದು ನಿಜವಾಯಿತು. ಕೊಪ್ಪದಿಂದ, ಶೃಂಗೇರಿಯಿಂದ, ಮುಖ ನೋಡದ ಜನ ಬರೆದರು. ಶಬನಂಗೆ ಅದನ್ನೆಲ್ಲ ಓದುವಾಗ ಎದೆ ತುಂಬಿ ಬರುತ್ತಿತ್ತು. ಸತ್ತವರು ಹೊಸದಾಗಿ ಏನೂ ಹೇಳುವುದಿಲ್ಲ. ಹೇಳಿದ್ದನ್ನೇ ನಾವು ಮತ್ತೆ ಮತ್ತೆ ನೆನೆಸಿಕೊಳ್ಳಬೇಕು. ಜೈತೂನ್ ಬೀ ಮಾತ್ರ ವಾರಕ್ಕೊಂದು ಹೊಸ ಮಾತು ಹೇಳುತ್ತಿದ್ದಳು, ಅಮ್ಮಿಯದೇ ದನಿಯಲ್ಲಿ, ಅಮ್ಮಿಯನ್ನು ಕಂಡೇ ಇಲ್ಲದವರ ಕೈಯಿಂದ. ಇವರ ಉಪಕಾರ ಯಾವ ಜನ್ಮದಲ್ಲಿ ತೀರಿಸಲಿ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಜೈತೂನ್ ಬೀ ಅಮ್ಮಿಯೇ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಬ್ಬನಿಗೂ ಹೇಳಿರಲಿಲ್ಲ, ಅವರಿಗೆ ಈ ವಾಟ್ಸಾಪಿನ ಗೊಡವೆಯೇ ಇಲ್ಲ.

ಹೀಗೆ ಚೆನ್ನಾಗಿ ನಡೆಯುತ್ತಿದ್ದಾಗ ಕಳಸದಿಂದ ಮೆಣಸು ಮಾರಲು ಬಂದ ಒಬ್ಬರು ಕಲ್ಲೇಶನ ಅಂಗಡಿಯಲ್ಲಿ ಕೂತು, "ರೈಟರ್ ಶಾಂತವೀರಪ್ಪ? ಇದ್ದಾರಲ್ಲ ಮಾರಾಯ, ಪೇಟೆಯಲ್ಲೇ, ಮಗಳ ಮನೇಲಿ" ಎಂದರು. ಗ್ರೂಪಿನವರೆಲ್ಲ ಅವರು ತೀರಿಕೊಂಡಿದ್ದಾರೆ ಎಂದೇ ಭಾವಿಸಿದ್ದರು. ಎಲ್ಲರಿಗೂ ನಾಚಿಕೆಯಾಯಿತು, ಆಮೇಲೆ ಸಂತೋಷವಾಯಿತು, ಆಮೇಲೆ ಹೆದರಿಕೆಯಾಯಿತು. ಹೋಗಿ ಶಾಲು ಹೊದಿಸಿ ಸನ್ಮಾನ ಮಾಡಬೇಕು ಎಂದು ತೀರ್ಮಾನವಾಯಿತು. ಅವರ ಕಂತುಗಳನ್ನೆಲ್ಲ ಟೈಪು ಮಾಡಿಸಿ ಪುಸ್ತಕದ ಹಾಗೆ ಬೈಂಡು ಹಾಕಿಸಿ ಕೊಡುವುದೆಂದೂ ಆಯಿತು.

"ನಾವು ಬರೆದದ್ದು?" ಎಂದು ಯಾರೋ ಕೇಳಿದರು.

ಆಗ ನಂಜಮ್ಮ ಟೀಚರು ಒಂದು ವಾಯ್ಸ್ ಮೆಸೇಜು ಹಾಕಿದರು. "ನೋಡಿ, ಒಬ್ಬರ ಅಡಿಗೆಮನೆಗೆ ಹೇಳದೆ ನುಗ್ಗಿ, ಅವರ ಸಾರಿಗೆ ನಾವು ಒಗ್ಗರಣೆ ಹಾಕಿ, ಅದನ್ನ ಅವರಿಗೇ ಬಡಿಸೋದಾ? ನಂಗೆ ಸರಿ ಕಾಣ್ಲಿಲ್ಲಪ್ಪ. ವಯಸ್ಸಾದೋರು. ನಮ್ಮ ಬಸ್ಸಲ್ಲಿ ಇವರೆಲ್ಲ ಯಾರು ಅಂದ್ರೆ ಏನ್ ಹೇಳೋಣ?"

ಬರೆಯಲು ಶುರು ಮಾಡಿದವರೇ ಹಾಗೆಂದ ಮೇಲೆ ಮುಗಿಯಿತು. ಪ್ರತಿಯೊಬ್ಬರಿಗೂ ತಾವು ಏನೋ ಕದ್ದ ಹಾಗೆ ಅನಿಸತೊಡಗಿತು. ಗ್ರೂಪಿನ ಸುದ್ದಿ ಇವತ್ತಲ್ಲ ನಾಳೆ ರೈಟರಿಗೆ ಮುಟ್ಟುತ್ತದೆ, ಅದಕ್ಕೆ ಮೊದಲು ಬಸ್ಸನ್ನು ಅವರು ಬಿಟ್ಟುಹೋದ ಹಾಗೇ ಮಾಡಿಡೋಣ, ನಮ್ಮ ನಮ್ಮ ಜನರನ್ನು ನಾವು ಇಳಿಸಿಬಿಡೋಣ ಎಂದು ಕಲ್ಲೇಶ ಹೇಳಿದ. "ಸುಮ್ನೆ ಮಾಯ ಮಾಡ್ಬೇಡಿ. ಮರ್ಯಾದೆಯಾಗಿ ಒಂದೊಂದು ಅಧ್ಯಾಯ ಬರೆದು ಇಳಿಸಿ." ಅತಿ ವಿನಯ ಧೂರ್ತ ಲಕ್ಷಣ ಅಂತಾರೆ; ಇವರದು ಧೂರ್ತತನ ಅಲ್ಲ, ಅಪ್ಪಟ ಮಲೆನಾಡಿನ ಸಂಕೋಚ. ದೊಡ್ಡವರು ಮನೆಗೆ ಬರುತ್ತಾರೆಂದರೆ ಮಕ್ಕಳನ್ನು ಒಳಕ್ಕೆ ಅಟ್ಟಿ ಜಗಲಿ ಖಾಲಿ ಮಾಡುವ ಜನ ಇವರು. ಇನ್ಸ್‌ಪೆಕ್ಟರಿಗೆ ವರ್ಗವಾಯಿತು, ನಿಂಬೆಹಣ್ಣು ಸೀಟಿನ ಮೇಲೇ ಬಿಟ್ಟು ಇಳಿದ. ಜೋಯಿಸ ತನ್ನ ಜಾತಕದಲ್ಲೇ ಇಳಿಯುವ ಯೋಗ ಕಂಡು ಇಳಿದ. ಒಬ್ಬೊಬ್ಬರೇ ಇಳಿದು ಬಸ್ಸು ಬರಿದಾಗುತ್ತ ಬಂತು.

ಶಬನಂ ಇಳಿಸಲಿಲ್ಲ. ದಿನ ಕಳೆದವು. ಕೊನೆಗೆ ಕಲ್ಲೇಶ ಹೆಂಡತಿಯ ರವಿಕೆ ಬಿಗಿಯಾಯಿತೆಂಬ ನೆಪ ತೆಗೆದು ಅಂಗಡಿಗೇ ಬಂದ.

"ಇನ್ನು ನಿನ್ನೋಳೊಬ್ಬಳೇ ಉಳ್ಕೊಂಡಿದ್ದಾಳೆ ಶಬನಂ" ಎಂದ, ರವಿಕೆ ಮಾತು ಮುಗಿದ ಮೇಲೆ.

"ಎಲ್ಲಿ ಇಳಿಸ್ಲಿ ಕಲ್ಲೇಶಣ್ಣ? ಮುಂದೆ ಹೊಳೆ, ಹಿಂದೆ ಕಾಡು. ಕೈಯಲ್ಲಿ ಮೆಷಿನ್ನು."

"ಅಲ್ಲೊಂದು ಟೀ ಅಂಗಡಿ ಇದೆಯಲ್ಲ."

"ಅದು ಮಳೆಗೆ ಮುಚ್ಚಿದೆ. ನೀವೇ ಬರ್ದಿದ್ದು."

ಕಲ್ಲೇಶ ತಲೆ ಕೆರೆದುಕೊಂಡ. ಒಳ್ಳೆಯ ಮನುಷ್ಯ, ಕೆಟ್ಟ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಹಾಗಾಗಿ ಅವನಿಗೆ ಇಲ್ಲ ಎನ್ನುವುದೂ ಕಷ್ಟ. "ನಂಗೂ ಬೇಜಾರೇ. ಆದ್ರೆ ಎಲ್ರೂ ಇಳಿದು ಇವಳೊಬ್ಬಳೇ ಕೂತಿದ್ರೆ, ರೈಟರ್ರ ಕಣ್ಣಿಗೆ ಮೊದ್ಲು ಬೀಳೋದೇ ಇವಳು" ಎಂದ.

ಅವಳ ಹೆದರಿಕೆಯೂ ಅದೇ ಆಗಿತ್ತು. ಅವರು ಅಷ್ಟು ವರ್ಷ ಬರೆದು ತಮ್ಮ ಬಸ್ಸಿನಲ್ಲಿ ಇಂಥವಳೊಬ್ಬಳಿಗೆ ಜಾಗ ಕೊಟ್ಟಿರಲಿಲ್ಲ. ಈಗ ನೋಡಿ, ಇವಳನ್ನು ಹತ್ತಿಸಿದ್ದು ಯಾರು ಎಂದು ಕೇಳಿದರೆ? ಅವರ ಬಾಯಿಂದ ಆ ಮಾತು ಕೇಳಿದರೆ ಅಮ್ಮಿಯ ಗುರುವಾರಗಳೆಲ್ಲ ಕೆಟ್ಟುಹೋಗುತ್ತವೆ. ಅದಕ್ಕಿಂತ ತಾನೇ ಇಳಿಸುವುದು ವಾಸಿ. ಆ ಸಂಜೆ ನಾಲ್ಕೇ ಸಾಲು ಬರೆದಳು. ಜೈತೂನ್ ಬೀ ಸೆರಗು ತಲೆ ಮೇಲೆ ಎಳೆದುಕೊಂಡು, ಮೆಷಿನ್ನು ಹೊತ್ತುಕೊಂಡು, ಸುರಿಯುವ ಮಳೆಯಲ್ಲಿ ಇಳಿದಳು. ತಮ್ಮಯ್ಯ, "ಎಲ್ಲಿಗಮ್ಮ?" ಎಂದು ಕೇಳಿದ. ಆ ಪ್ರಶ್ನೆಗೆ ಏನು ಉತ್ತರ ಬರೆಯಬೇಕೆಂದು ಶಬನಂಗೆ ತಿಳಿಯಲಿಲ್ಲ. ಹಾಗೇ ಕಳಿಸಿ, ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತು ಅತ್ತಳು. ಅಮ್ಮಿಯನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಶಬನಂಳ ತಮ್ಮ ನವಾಜನ ಜೀಪಿನಲ್ಲಿ ಕಲ್ಲೇಶ, ನಂಜಮ್ಮ ಟೀಚರು, ಶಬನಂ ಕಳಸಕ್ಕೆ ಹೊರಟರು. ಹೂಮಳೆ ಆಗಿ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದ ಕಾಲ. ಟೀಚರು ದಾರಿಯುದ್ದಕ್ಕೂ ಶಾಲಿನ ಪೊಟ್ಟಣವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿದ್ದರು. ಕಲ್ಲೇಶ ಮಾಡಬೇಕಾದ ಭಾಷಣವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಹೊರಡುವಾಗ ಅಬ್ಬ, "ನನ್ನ ಸಲಾಂ ಹೇಳು. ಗುರುವಾರ ಓದ್ತಿದ್ದೆ ಅಂತ ಹೇಳು" ಎಂದಿದ್ದರು. ಮೊಣಕಾಲು ನೋವು, ಅವರಿಗೆ ಬರಲಾಗಲಿಲ್ಲ.

ಮನೆ ಕಳಸದ ಪೇಟೆಯಲ್ಲೇ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ವಾಸ. ಅಂಗಡಿ ನಡೆಸುವ ಮಗಳು ರಜನಿ ಬಾಗಿಲು ತೆಗೆದು, "ಬನ್ನಿ" ಎಂದಳು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಮುಖ ಬಿಗಿದುಕೊಂಡಿತ್ತು. ಒಳಗೆ ಕುರ್ಚಿಯಲ್ಲಿ ಶಾಂತವೀರಪ್ಪನವರು ಕೂತಿದ್ದರು. ತೆಳ್ಳಗಿನ ಜೀವ, ಹಣೆ ತುಂಬ ವಿಭೂತಿ, ಪೊರೆ ಬಂದ ಕಣ್ಣು. ಟೀಚರು ಶಾಲು ಹೊದಿಸಿದರು. ಕಲ್ಲೇಶ ಹಣ್ಣಿನ ಬುಟ್ಟಿ ಇಟ್ಟು ಭಾಷಣ ಶುರುಮಾಡಿ, ಎರಡನೇ ವಾಕ್ಯಕ್ಕೆ ಮರೆತು, ಪುಸ್ತಕವನ್ನು ಅವರ ಕೈಗೇ ಕೊಟ್ಟುಬಿಟ್ಟ.

ಅವರು ಹಾಳೆಗಳ ಮೇಲೆ ಕೈ ಆಡಿಸಿದರು. "ಇದರಲ್ಲಿ ಏನಿದೆ?"

"ನಿಮ್ಮ ಕಡೇ ಬಸ್ಸು ಸರ್. ಮೊದಲನೇ ಕಂತಿಂದ ಕೊನೇವರೆಗೆ. ಒಂದಕ್ಷರ ಆಚೀಚೆ ಇಲ್ಲ."

"ಅದು ನಾನು ಬರೆದದ್ದು. ನಂಗೆ ಗೊತ್ತಿರೋದೇ. ನೀವು ಬರೆದದ್ದೆಲ್ಲಿ?"

ಕಲ್ಲೇಶ ಟೀಚರ ಮುಖ ನೋಡಿದ. ಟೀಚರು ನೆಲ ನೋಡಿದರು. ರಜನಿ ಬಾಗಿಲಿಗೆ ಒರಗಿ ನಿಂತವಳು, "ಗ್ರೂಪಲ್ಲಿ ಆರ್‌ಎಸ್ ಜೆರಾಕ್ಸ್ ಅಂತ ಒಂದು ನಂಬರ್ ಇದೆಯಲ್ಲ, ಅದು ನಾನೇ" ಎಂದಳು. ಜಾಹೀರಾತು ಹಾಕುವವರು ಯಾರೋ ಎಂದು ಆ ನಂಬರನ್ನು ತೆಗೆಯಬೇಕೆಂದು ಕಲ್ಲೇಶ ಎಷ್ಟು ಸಲ ಯೋಚಿಸಿದ್ದನೋ. "ಅಪ್ಪಂಗೆ ಕಣ್ಣು ಕಾಣಲ್ಲ. ದಿನಾ ಸಂಜೆ ಕಾಫಿ ಆದ್ಮೇಲೆ ನಾನೇ ಓದ್ತೀನಿ. ಹೇಳಿದ್ರೆ ನೀವು ಸಂಕೋಚಪಟ್ಟು ಬರೆಯೋದೇ ನಿಲ್ಲಿಸ್ತೀರೇನೋ ಅಂತ ಅಪ್ಪ ಸುಮ್ನಿರು ಅಂದಿದ್ರು. ಹೋದ ವಾರ ಒಬ್ಬೊಬ್ಬರೇ ಇಳಿಯೋಕೆ ಶುರುಮಾಡಿದ್ರು. ಕಡೆಗೆ ಆ ಮೆಷಿನ್ನಿನ ಹೆಂಗಸೂ ಇಳಿದ್ಲು. ಆವತ್ತು ಅಪ್ಪ ಊಟ ಮಾಡ್ಲಿಲ್ಲ."

ಶಬನಂ ಹಣ್ಣಿನ ಬುಟ್ಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅವಳನ್ನ ಇಳಿಸಿದ್ದು ಯಾರು?" ಎಂದರು ಶಾಂತವೀರಪ್ಪನವರು. ದನಿ ಏರಿರಲಿಲ್ಲ. ಸಿಟ್ಟು ಇದ್ದದ್ದು ದನಿ ಏರದೇ ಇದ್ದದ್ದರಲ್ಲೇ ಗೊತ್ತಾಗುತ್ತಿತ್ತು.

"ನಾನೇ ಸರ್" ಎಂದಳು ಶಬನಂ. "ಹತ್ತಿಸಿದ್ದೂ ನಾನೇ."

"ನನ್ನ ಜನಕ್ಕೆ ಕೆಟ್ಟ ಹೆಸರು ತರಬಾರದು ಅಂತ ನಿಮ್ಮಲ್ಲೊಂದು ನಿಯಮ ಇದೆಯಂತೆ. ರಜನಿ ಓದಿ ಹೇಳಿದ್ಲು, ಕೇಳಿ ಸಂತೋಷ ಆಗಿತ್ತು. ತಮ್ಮಯ್ಯ ಯಾವತ್ತಾದ್ರೂ ಸುರಿಯೋ ಮಳೇಲಿ, ದಾರಿ ಮಧ್ಯೆ, ಒಬ್ಬ ಹೆಂಗಸನ್ನ ಇಳಿಯೋಕೆ ಬಿಟ್ಟಿದ್ನಾ? ಎಲ್ಲಿಗಮ್ಮ ಅಂತ ಕೇಳಿ ಸುಮ್ನೆ ನಿಂತ್ನಂತೆ. ನನ್ನ ಕಂಡಕ್ಟರ್ ಅಂಥವನಲ್ಲ. ಇಷ್ಟು ದಿನ ನೀವ್ಯಾರೂ ಅವನಿಗೆ ಒಂದು ಕೆಟ್ಟ ಮಾತು ತಂದಿರ್ಲಿಲ್ಲ. ಮರ್ಯಾದೆ ಕೊಡೋಕೆ ಹೋಗಿ ತಂದ್ರಿ."

ನಂಜಮ್ಮ ಟೀಚರು ಕೈ ಮುಗಿದರು. "ತಪ್ಪು ನಂದು ಸರ್. ನಿಮ್ಮನ್ನ ಕೇಳದೆ ಬರೆದ್ವಲ್ಲ, ನಿಮಗೆ ನೋವಾಗುತ್ತೇನೋ ಅಂತ…"

"ನೋವಾ?" ಶಾಂತವೀರಪ್ಪನವರು ಶಾಲಿನ ಅಂಚು ಸರಿಮಾಡಿಕೊಂಡರು. "ಪತ್ರಿಕೆ ನಿಂತ ವಾರ ನಾನು ಕಾದೆ, ಯಾರಾದ್ರೂ ಒಬ್ರು ಬಂದು, ರೈಟರ್ರೇ ಮುಂದೇನಾಯ್ತು ಅಂತ ಕೇಳ್ತಾರೇನೋ ಅಂತ. ಯಾರೂ ಕೇಳ್ಲಿಲ್ಲ. ತೋಟದಲ್ಲಿ ಕೇಳ್ಲಿಲ್ಲ, ಪೇಟೇಲಿ ಕೇಳ್ಲಿಲ್ಲ. ಬಸ್ಸಲ್ಲಿ ಯಾರೂ ಇಲ್ಲ, ನಾನೊಬ್ಬನೇ ಇಷ್ಟು ವರ್ಷ ಖಾಲಿ ಬಸ್ಸು ಓಡಿಸ್ದೆ ಅಂತ ಪೆನ್ನು ಮುಚ್ಚಿಟ್ಟೆ. ರಜನಿ ಮೊದಲನೇ ಸಲ ನಿಮ್ಮದನ್ನ ಓದಿದ ದಿನ ಏನಾಯ್ತು ಅಂತ ನಿಮಗೆ ಹೇಗೆ ಹೇಳ್ಲಿ. ಬಸ್ಸಲ್ಲಿ ಜನ ಇದ್ದಾರೆ. ಅಲ್ಲೇ ಕೂತಿದ್ದಾರೆ, ತಮ್ಮಯ್ಯನ ಜೊತೆ ಮಾತಾಡ್ತಿದ್ದಾರೆ. ಅದನ್ನ ಕೇಳ್ಕೊಂಡು ನಾನು ಎರಡು ವರ್ಷ ಬದುಕಿದ್ದೀನಿ ಮಾರಾಯ್ರೆ. ನೀವು ನಂಗೆ ಶಾಲು ತಂದಿದ್ದೀರ, ನನ್ನ ಜನಾನ ಇಳಿಸಿ ಬಂದಿದ್ದೀರ."

ನನ್ನ ಜನ ಎಂದರು. ಶಬನಂ ಆ ಮಾತನ್ನು ಕೇಳಿದಳು. ಜೈತೂನ್ ಬೀಯನ್ನೂ ಸೇರಿಸಿಯೇ ಅಂದದ್ದೆಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಆಗ ಬಾಯಿಗೆ ಬಂತು.

"ಸರ್, ಅವಳು ನಮ್ಮ ಅಮ್ಮಿ" ಎಂದಳು. "ಓದೋಕೆ ಬರ್ತಿರ್ಲಿಲ್ಲ. ಗುರುವಾರ ಅಬ್ಬ ಓದ್ತಿದ್ರು, ಅವಳು ಮೆಷಿನ್ ನಿಲ್ಲಿಸಿ ಕೇಳ್ತಿದ್ಲು. ತಮ್ಮಯ್ಯ ಊಟ ಮಾಡಿದ್ನಾ ಅಂತ ಕೇಳೋಳು, ಪ್ರತಿ ವಾರ. ಒಂದ್ಸಲ, ನಮ್ಮೋರು ಯಾರೂ ಹತ್ತಿಲ್ವಾ ಅಂದ್ಲು. ಹಿಂದಿನ ಸೀಟಲ್ಲಿದ್ದಾರೆ, ರೈಟರ್ರು ಇನ್ನೂ ಅಲ್ಲಿಗೆ ಬಂದಿಲ್ಲ ಅಂತ ಅಬ್ಬ ಹೇಳಿದ್ರು. ಅವಳು ಹೋದ್ಮೇಲೆ ನಾನೇ ಹತ್ತಿಸ್ದೆ. ನೀವು ಬೇಡ ಅಂತೀರೇನೋ ಅಂತ ಹೆದರಿ ನಾನೇ ಇಳಿಸ್ದೆ."

ಕಲ್ಲೇಶ ಬೆಪ್ಪಾಗಿ ಅವಳನ್ನೇ ನೋಡಿದ. ಟೀ ಅಂಗಡಿ ಇದೆಯಲ್ಲ ಎಂದು ತಾನು ಅಂದದ್ದು ಅವನ ಕಿವಿಯಲ್ಲಿ ಕೇಳಿಸುತ್ತಿತ್ತೋ ಏನೋ, ಅವನ ಕಣ್ಣಲ್ಲಿ ನೀರಾಡಿತು. ಟೀಚರು ಅವಳ ಬೆನ್ನ ಮೇಲೆ ಕೈ ಇಟ್ಟರು.

ಶಾಂತವೀರಪ್ಪನವರು ಅವಳ ದನಿ ಬಂದ ಕಡೆಗೆ ತಿರುಗಿದರು. "ಇದ್ರು ತಾಯಿ" ಎಂದರು. "ಅಬ್ಬ ಹೇಳಿದ್ದು ಸುಳ್ಳಲ್ಲ. ದಿನಾ ಹೋಗೋ ಬಸ್ಸು, ಇಲ್ದೆ ಎಲ್ಲಿಗೆ ಹೋಗ್ತಾರೆ? ಎಷ್ಟೋ ಸಲ ನನ್ನ ಪಕ್ಕದ ಸೀಟಲ್ಲೇ ಕೂತಿದ್ರು. ಕಣ್ಣಿಗೆ ಬಿದ್ದಿದ್ರು, ಪೆನ್ನಿಗೆ ಬೀಳ್ಲಿಲ್ಲ. ನೀನು ಹತ್ತಿಸಿದ ದಿನ ನಂಗೆ ಅದು ಗೊತ್ತಾಯ್ತು. ಊಟ ಮಾಡಿದ್ರಾ ಅಂತ ತಮ್ಮಯ್ಯಂಗೆ ನಾನೂ ಕೇಳಿರ್ಲಿಲ್ಲ ನೋಡು, ಅವನನ್ನ ಹುಟ್ಟಿಸಿದೋನು."

ಕಲ್ಲೇಶನಿಗೆ ಕೊನೆಗೆ ಧೈರ್ಯ ಬಂತು. "ಹಾಗಾದ್ರೆ ಸರ್, ನೀವೇ ಮುಂದೆ ಬರೀಬೇಕು. ಸೇತುವೆ ದಾಟಿಸ್ಬೇಕು."

"ಸೇತುವೆ ಎಲ್ಲೂ ಓಡಿ ಹೋಗಲ್ಲ ಮಾರಾಯ. ಮೊದ್ಲು ಇಳಿದವರು ಹತ್ತಲಿ" ಎಂದರು. ಮಗಳ ಕಡೆ ತಿರುಗಿ, "ಈ ಹುಡುಗೀಗೆ ಒಂದು ಕುರ್ಚಿ ಹಾಕು. ನಾನು ಹೇಳ್ತೀನಿ, ಇವಳು ಬರ್ಕೊಳ್ಳಲಿ" ಎಂದರು.

ರಜನಿ ಕುರ್ಚಿ ತಂದಳು. ಅವಳ ಮುಖ ಈಗ ಸಡಿಲವಾಗಿತ್ತು. ಶಬನಂ ಮೊಬೈಲ್ ತೆಗೆದಳು. ಶಾಂತವೀರಪ್ಪನವರು ಕಣ್ಣು ಮುಚ್ಚಿ ಕೂತರು. ಇಪ್ಪತ್ತು ವರ್ಷ ಬರೆಯದ ಮನುಷ್ಯ ಎಲ್ಲಿಂದ ಶುರುಮಾಡುತ್ತಾರೋ ಎಂದು ಎಲ್ಲರೂ ಕಾದರು. ಅವರು ನಿನ್ನೆ ನಿಲ್ಲಿಸಿದವರ ಹಾಗೆ ಶುರುಮಾಡಿದರು.

"ತಮ್ಮಯ್ಯ ಟಿಕೆಟ್ಟಿನ ಚೀಲವನ್ನು ಲಕ್ಕಯ್ಯನ ಕೈಗೆ ಕೊಟ್ಟು ಮಳೆಯಲ್ಲಿ ಇಳಿದ. ಆ ಹೆಂಗಸು ಬಹಳ ದೂರ ಹೋಗಿರಲಿಲ್ಲ. ಮುಚ್ಚಿದ ಟೀ ಅಂಗಡಿಯ ಸೂರಿನ ಕೆಳಗೆ ಮೆಷಿನ್ನಿಗೆ ಸೆರಗು ಹೊದಿಸಿ ನಿಂತಿದ್ದಳು. ತಾನು ನೆನೆದಿದ್ದಳು, ಮೆಷಿನ್ನು ನೆನೆದಿರಲಿಲ್ಲ. ತಮ್ಮಯ್ಯ ಮಾತಾಡದೆ ಮೆಷಿನ್ನನ್ನು ಎತ್ತಿ ತನ್ನ ಹೆಗಲಿಗೇರಿಸಿಕೊಂಡ. ಬಸ್ಸಿನ ಬಾಗಿಲಿಗೆ ಬಂದ ಮೇಲೆ, ಇಷ್ಟು ದಿನ ಕೇಳದ ಮಾತನ್ನು ಕೇಳಿದ: ನಿಮ್ಮ ಹೆಸರೇನಮ್ಮ?"

ಅಲ್ಲಿಗೆ ನಿಲ್ಲಿಸಿದರು. ಶಬನಂ ಮುಂದಿನ ಮಾತಿಗೆ ಕಾದಳು. ಮಾತು ಬರಲಿಲ್ಲ. ತಲೆ ಎತ್ತಿದರೆ ಅವರು ಅವಳ ಕಡೆಗೇ ಮುಖ ಮಾಡಿ ಕೂತಿದ್ದರು.

"ಹೇಳು" ಎಂದರು. "ಜೈತೂನ್ ಬೀ ಅಂತ ನೀನಿಟ್ಟ ಹೆಸರಲ್ಲ. ಅಮ್ಮನ ಹೆಸರು."

ಅವಳು ಮೊಬೈಲ್ ಕೆಳಗಿಟ್ಟು, "ಸುಗ್ರಾ ಬೀ" ಎಂದಳು. "ಆಲ್ದೂರು."

"ಬರ್ಕೊ. ಸುಗ್ರಾ ಬೀ, ಆಲ್ದೂರು, ಎಂದಳು ಆಕೆ. ಒಳಗೆ ಬನ್ನಿ ಸುಗ್ರಾ ಬೀ ಅವರೇ, ನಿಮಗೆ ಕಿಟಕಿ ಪಕ್ಕದ ಸೀಟು ಇಟ್ಟಿದ್ದೇನೆ ಎಂದ ತಮ್ಮಯ್ಯ. ಆಮೇಲೆ ಸಂಕೋಚಪಟ್ಟುಕೊಂಡು, ನನ್ನದು ಇನ್ನೂ ಊಟ ಆಗಿಲ್ಲ ಎಂದ."

ಶಬನಂ ಬರೆದಳು. ಅಕ್ಷರ ಕಾಣದೆ ಎರಡು ಸಲ ಅಳಿಸಿ ಬರೆದಳು. ಮುಗಿದ ಮೇಲೆ ಎದ್ದು ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಅವಳ ಕೈ ಹಿಡಿದು ತಡೆದರು. "ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಸರ್" ಎಂದಳು. "ನಾನೂ ಮರೆಯಲ್ಲ ತಾಯಿ, ನಿಮ್ಮೆಲ್ಲರದೂ" ಎಂದರು ಅವರು. ಅಬ್ಬನ ಸಲಾಂ ಹೇಳಲು ಆಗ ನೆನಪಾಯಿತು, ಹೇಳಿದಳು. ರಜನಿ ಎಲೆ ಹಾಕಿದಳು. ನವಾಜನನ್ನೂ ಕೆಳಗಿನಿಂದ ಕೂಗಿ ಕರೆದರು.

ಊಟವಾಗಿ ಹೊರಡುವ ಮೊದಲು ಶಬನಂ ಕೆಳಗೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಅಬ್ಬನಿಗೆ ಫೋನ್ ಮಾಡಿದಳು. "ಅಬ್ಬ, ರೈಟರ್ರು ಮುಂದಿನ ಕಂತು ಬರೆದಿದ್ದಾರೆ. ಓದ್ತೀನಿ, ಕೇಳಿ" ಎಂದು ಶುರುಮಾಡಿದಳು. ಆಚೆಯಿಂದ ಹೂಂ ಎಂದೂ ಇಲ್ಲ. ಸುಗ್ರಾ ಬೀ, ಆಲ್ದೂರು ಎನ್ನುವಲ್ಲಿ ಒಂದು ಉಸಿರು ಎಳೆದದ್ದು ಕೇಳಿಸಿತು. ಕೊನೆಯವರೆಗೂ ಓದಿದಳು. ಪೇಟೆಯ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಲೈನಲ್ಲಿದ್ದೀರಾ ಅಬ್ಬ?"

"ಇದ್ದೀನಿ" ಎಂದರು ಅಬ್ಬ. "ಇನ್ನೊಂದ್ಸಲ ಓದು. ಸ್ವಲ್ಪ ಗಟ್ಟಿಯಾಗಿ ಓದು."

ಶಬನಂ ಮೊದಲಿನಿಂದ ಓದಿದಳು.